ಮೂರು ಸೆಕೆಂಡು ಕಾಯಿರಿ, ಮಾತು ಬರುತ್ತೆ

ಸಂಪಾದಕರಿಗೆ ನಮಸ್ಕಾರ,

ಪತ್ರ ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಹಾಕೋಕೆ ಜಾಗ ಇಲ್ಲ ಅಂದ್ರೆ ಎಲ್ಲಿ ಬೇಕಾದ್ರೂ ಕತ್ತರಿಸಿ, ಆದ್ರೆ ರೇಷ್ಮೆ ಹುಳದ ವಿಷಯ ಮಾತ್ರ ತೆಗೀಬೇಡಿ, ನಾನು ಹೇಳ್ಬೇಕು ಅಂದ್ಕೊಂಡಿರೋದು ಅದ್ರಲ್ಲೇ ಇದೆ.

ನಮ್ದು ಶಿಡ್ಲಘಟ್ಟ ತಾಲೂಕಿನ ಒಂದು ಹಳ್ಳಿ. ಮನೇಲಿ ಹಿಪ್ಪುನೇರಳೆ ತೋಟ, ಒಂದು ಹುಳು ಮನೆ, ಎರಡು ಸೀಮೆ ಹಸು. ನಾನು ಬಿ.ಎ. ಓದಿದ್ದೀನಿ, ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೀತೀನಿ. ಮಗಳು ಏಳನೇ ಕ್ಲಾಸು. ಹೋದ ತಿಂಗಳು ಪೇರೆಂಟ್ಸ್ ಮೀಟಿಂಗ್‌ಗೆ ಹೋಗಿದ್ದೆ. ಮಾರ್ಕ್ಸ್ ಕಾರ್ಡ್ ಕೈಗೆ ಕೊಟ್ಟ ಮಿಸ್ಸು "ಓದೋದ್ರಲ್ಲಿ ಏನೂ ತೊಂದರೆ ಇಲ್ಲಮ್ಮ, ಆದ್ರೆ ಬಾಯೇ ಬಿಡಲ್ಲ, ಹಿಂಗೇ ಆದ್ರೆ ಮುಂದೆ ಕಷ್ಟ" ಅಂದ್ರು. ಕಾರ್ಡಿನ ಕೆಳಗಡೆ ಕೆಂಪು ಪೆನ್ನಲ್ಲಿ ಬರೆದಿದ್ರು, "ಮಾತು ಕಡಿಮೆ. ಸುಧಾರಿಸಬೇಕು." ಸ್ಕೂಲಿನ ಹೆಸರು ಬೇಡ, ಮಿಸ್ಸೂ ಒಳ್ಳೆಯವರೇ, ಮಕ್ಕಳ ಮೇಲೆ ಅಕ್ಕರೆ ಇರೋರು. ಆದ್ರೆ ಆ ಕೆಂಪು ಅಕ್ಷರ ನೋಡಿದಾಗ ನಂಗೆ ಕರುಳು ಚುರುಕ್ ಅಂತು, ಯಾಕಂದ್ರೆ ಅದೇ ಸಾಲು ಮೂವತ್ತು ವರ್ಷದ ಹಿಂದೆ ನನ್ನ ಕಾರ್ಡಿನಲ್ಲೂ ಇತ್ತು. ಪಕ್ಕದಲ್ಲಿ ತಲೆ ಬಗ್ಗಿಸಿ ನಿಂತಿದ್ದ ಮಗಳನ್ನ ನೋಡ್ದೆ, ಅವಳು ಆ ಸಾಲನ್ನೇ ಓದ್ತಾ ಇದ್ಳು.

ವಾಪಸ್ ಬರೋವಾಗ ಗೇಟ್ ಹತ್ರ ಒಬ್ಬ ಹುಡುಗ ಪಾಂಪ್ಲೆಟ್ ಹಂಚ್ತಾ ಇದ್ದ. ನಿಮ್ಮ ಮಗು ನಾಚಿಕೊಳ್ಳುತ್ತಾ, ಜನ ಕಂಡ್ರೆ ಹಿಂದೆ ಸರಿಯುತ್ತಾ, ಹತ್ತು ದಿನದ ಕ್ಯಾಂಪಲ್ಲಿ ಬದಲಾಯಿಸ್ತೀವಿ ಅಂತ ಅದ್ರಲ್ಲಿತ್ತು. ಕೀಲು ನೋವಿನ ಎಣ್ಣೆಗೆ ಮಾಡೋ ಜಾಹೀರಾತಿನ ತರಾನೇ. ಮಾತು ಕಡಿಮೆ ಇರೋದು ಒಂದು ಕಾಯಿಲೆ, ಅದಕ್ಕೊಂದು ಔಷಧಿ ಇದೆ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿಬಿಟ್ಟಿದ್ದಾರೆ, ಮತ್ತೆ ಆ ಮಗೂನ ಮಾತ್ರ ಯಾರೂ ಕೇಳಿಲ್ಲ.

ನಮ್ಮ ಕನ್ನಡದಲ್ಲೇ ನೋಡಿ, ಮಾತು ಕಮ್ಮಿ ಇರೋರಿಗೆ ಎಷ್ಟು ಹೆಸರು. ಗುಮ್ಮನಗುಸ್ಕ, ಮೂಗ, ಪೆಕರ, ಸಪ್ಪೆ. ಹೆಂಗಸಾದ್ರೆ ಮೌನಗೌರಿ, ಅದು ಹೊಗಳಿಕೆ ಅಲ್ಲ ಅಂತ ಎಲ್ಲರಿಗೂ ಗೊತ್ತು. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸದ್ರಲ್ಲಿ "ಓದಿರೋ ಸೊಸೆ, ಅದಕ್ಕೇ ಜಂಬ, ಯಾರ ಹತ್ರಾನೂ ಮಾತಾಡಲ್ಲ" ಅಂತ ನೀರಿನ ಟ್ಯಾಂಕ್ ಹತ್ರ ಆಡ್ಕೊಳ್ತಿದ್ರು. ನಂಗೆ ಜಂಬ ಇರ್ಲಿಲ್ಲ, ಏನು ಮಾತಾಡ್ಬೇಕು ಅಂತ ಯೋಚನೆ ಮಾಡೋಷ್ಟ್ರಲ್ಲಿ ಮಾತು ಬೇರೆ ಕಡೆ ಹೋಗಿಬಿಟ್ಟಿರ್ತಿತ್ತು ಅಷ್ಟೆ. ಅದನ್ನ ಯಾರಿಗೆ ಹೇಳೋದು, ಹೇಳೋಕೂ ಮಾತೇ ಬೇಕಲ್ವಾ. ಒಂದು ಎರಡು ವರ್ಷ ಬಲವಂತವಾಗಿ ನಗ್ತಾ, ಎಲ್ಲರ ಮನೆ ಜಗಲಿ ಮೇಲೂ ಹೋಗಿ ಕೂರ್ತಾ ಇದ್ದೆ, ಮನೆಗೆ ಬರೋ ಹೊತ್ತಿಗೆ ತಲೆ ಸಿಡೀತಿತ್ತು, ಒಲೆ ಮುಂದೆ ಒಬ್ಬಳೇ ಕೂತು ಸಾರು ಕುದಿಯೋದನ್ನ ನೋಡ್ತಾ ಇದ್ರೆ ಆಗ ಸರಿ ಹೋಗೋದು.

ಆ ಮೀಟಿಂಗ್ ಆದ ರಾತ್ರಿ ಮಗಳನ್ನ ಬೈಲಿಲ್ಲ. ಸೊಪ್ಪು ಹಾಕೋಕೆ ಹುಳು ಮನೆಗೆ ಹೋದಾಗ ಅವಳೇ ಬಂದಳು, ಸ್ವಲ್ಪ ಹೊತ್ತು ಸುಮ್ನೆ ಸೊಪ್ಪು ಹರಡ್ತಾ ಇದ್ದು ಆಮೇಲೆ ಹೇಳಿದಳು. ಸೈನ್ಸ್ ಕ್ಲಾಸಲ್ಲಿ ಮಿಸ್ಸು, ರೇಷ್ಮೆ ಹುಳು ಎಷ್ಟು ಸಲ ಪೊರೆ ಬಿಡುತ್ತೆ ಅಂತ ಕೇಳಿದ್ರಂತೆ. ಕೇಳಿದ ತಕ್ಷಣ ನಾಕು ಜನ ಮೂರು, ಐದು, ಆರು ಅಂತ ಕೂಗಿದ್ರಂತೆ, ಮಿಸ್ಸು ಇವಳ ಕಡೆ ತಿರುಗಿ "ನಿಮ್ಮನೇಲೇ ರೇಷ್ಮೆ ಇದೆಯಲ್ಲ, ನೀನು ಹೇಳು" ಅಂದ್ರಂತೆ, ಇವಳು ಬಾಯಿ ತೆಗೆಯೋಷ್ಟ್ರಲ್ಲಿ ಅವರೇ "ನಾಲ್ಕು" ಅಂತ ಹೇಳಿ ಬೋರ್ಡ್ ಕಡೆ ತಿರುಗಿದ್ರಂತೆ. ಇಡೀ ಕ್ಲಾಸು ನಕ್ತು. ರೇಷ್ಮೆ ಮನೆ ಹುಡುಗಿಗೆ ಇದೂ ಗೊತ್ತಿಲ್ವಾ ಅಂತ.

"ನಂಗೆ ಗೊತ್ತಿತ್ತಮ್ಮ" ಅಂದ್ಳು. "ನಾಕು ಅಂತ ಗೊತ್ತಿತ್ತು. ಆದ್ರೆ ಗೂಡಿನ ಒಳಗಡೆ ಇನ್ನೊಂದು ಪೊರೆ ಇರುತ್ತಲ್ಲ, ಅದನ್ನ ಎಣಿಸ್ಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತಿದ್ದೆ."

ಸಂಪಾದಕರೇ, ನಾನು ಕೈಲಿದ್ದ ಸೊಪ್ಪು ಹಂಗೇ ಹಿಡ್ಕೊಂಡು ನಿಂತುಬಿಟ್ಟೆ. ರೇಷ್ಮೆ ಮಾಡೋ ಮನೆಗಳಲ್ಲಿ ಪೊರೆ ಬಿಡೋದಕ್ಕೆ ಜ್ವರ ಅಂತೀವಿ, ಎಲ್ಲರೂ ನಾಕು ಜ್ವರ ಅಂತಾನೇ ಹೇಳೋದು, ಒಂದನೇ ಜ್ವರ, ಎರಡನೇ ಜ್ವರ, ಹಂಗೆ, ಪುಸ್ತಕದಲ್ಲಿರೋದೂ ನಾಕೇ. ಆದ್ರೆ ಹುಳು ಗೂಡು ಕಟ್ಟಿ ಮುಗಿಸಿದ ಮೇಲೆ ಅದರ ಒಳಗೇ ಇನ್ನೊಂದು ಸಲ ಚರ್ಮ ಕಳಚಿ ಪ್ಯೂಪಾ, ಅಂದ್ರೆ ಚಿಟ್ಟೆ ಆಗೋಕೆ ಮುಂಚಿನ ರೂಪ, ಆಗುತ್ತೆ, ಗೂಡು ಕತ್ತರಿಸಿ ನೋಡಿದ್ರೆ ಪ್ಯೂಪಾದ ಬಾಲದ ಹತ್ರ ಮುದುರಿಕೊಂಡಿರೋ ಕಂದು ಬಣ್ಣದ ಒಂದು ಚೂರು ಪೊರೆ ಸಿಗುತ್ತೆ. ಮಾರ್ಕೆಟ್ಟಿಗೆ ಆಗದ ತೆಳ್ಳನೆ ಗೂಡುಗಳನ್ನ ಇವಳು ಬ್ಲೇಡಲ್ಲಿ ಕುಯ್ದು ನೋಡ್ತಾ ಕೂರ್ತಿದ್ಳು, ನಾನೇ ಎಷ್ಟೋ ಸಲ ಕೈ ಕುಯ್ಕೋತೀಯ ಅಂತ ಗದರಿದ್ದೆ. ಕ್ಲಾಸಲ್ಲಿ ಕೂಗಿದ ಯಾವ ಮಗೂಗೂ, ಆ ಕ್ಷಣಕ್ಕೆ ಮಿಸ್ಸಿಗೂ, ಹೊಳೀದೇ ಇರೋ ಪ್ರಶ್ನೆ ಅದು. ಆ ಪ್ರಶ್ನೆ ಬಾಯಿಗೆ ಬರೋಕೆ ಅವಳಿಗೆ ಬೇಕಾಗಿದ್ದು ಇನ್ನು ಎರಡು ಮೂರು ಸೆಕೆಂಡು. ಸಿಗ್ಲಿಲ್ಲ. ಸಿಕ್ಕಿದ್ದು ಕೆಂಪು ಪೆನ್ನಿನ ಸಾಲು.

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ನನ್ನ ತಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳ್ದೆ, ಅವನೂ ನಮ್ಮ ತರಾನೇ. ಅವನ ಆಫೀಸಲ್ಲಿ ವರ್ಷದ ಕೊನೇಲಿ ಕೆಲಸದ ಲೆಕ್ಕ ಹಾಕೋವಾಗ "ಕೆಲಸ ಚೆನ್ನಾಗಿದೆ, ಆದ್ರೆ ಎಲ್ಲರ ಕಣ್ಣಿಗೆ ಬೀಳಲ್ಲ, ಮೀಟಿಂಗಲ್ಲಿ ಮಾತಾಡು" ಅಂತ ಮೂರು ವರ್ಷದಿಂದ ಹೇಳ್ತಾ ಇದ್ದಾರಂತೆ. ಅವನು ಕೆಲವು ಓದೋಕೆ ಕಳಿಸ್ದ, ಹುಳಕ್ಕೆ ಸೊಪ್ಪು ಹಾಕಿ ಬಿಡುವಾದಾಗೆಲ್ಲ ಓದ್ದೆ. ಇಂಟ್ರೋವರ್ಟ್, ಎಕ್ಸ್‌ಟ್ರೋವರ್ಟ್ ಅನ್ನೋ ಮಾತು ಜನರಲ್ಲಿ ಬಳಕೆಗೆ ಬಂದಿದ್ದು ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ ಅನ್ನೋ ಮನೋವೈದ್ಯರು 1921ರಲ್ಲಿ ಬರೆದ ಪುಸ್ತಕದಿಂದ. ನಾವು ಅಂತರ್ಮುಖಿ, ಬಹಿರ್ಮುಖಿ ಅಂತೀವಿ. ಇದರಲ್ಲಿ ಒಂದು ಆರೋಗ್ಯ ಒಂದು ಕಾಯಿಲೆ ಅಂತ ಆವಯ್ಯ ಎಲ್ಲೂ ಹೇಳಿಲ್ಲ, ಮನಸ್ಸಿನ ದಿಕ್ಕು ಅಷ್ಟೆ, ಕೆಲವರಿಗೆ ಒಳಗಡೆ, ಕೆಲವರಿಗೆ ಹೊರಗಡೆ. ಪೂರ್ತಿ ಇದು, ಪೂರ್ತಿ ಅದು ಅನ್ನೋರು ಕಮ್ಮಿ, ಬಹಳ ಜನ ಮಧ್ಯದಲ್ಲೇ ಎಲ್ಲೋ ಇರ್ತಾರೆ.

ಆಮೇಲೆ ಬ್ರಿಟನ್ನಿನಲ್ಲಿ ಐಸೆಂಕ್ ಅನ್ನೋ ಮನಃಶಾಸ್ತ್ರಜ್ಞರು 1967ರಲ್ಲಿ ಹೇಳಿದ್ದು ನಂಗೆ ತುಂಬಾ ಹತ್ರ ಅನ್ನಿಸ್ತು. ಅಂತರ್ಮುಖಿಗಳ ಮೆದುಳು ಸುಮ್ನೆ ಇದ್ದಾಗ್ಲೂ ಹೆಚ್ಚು ಎಚ್ಚರವಾಗಿರುತ್ತೆ, ಅದಕ್ಕೇ ಹೊರಗಿನ ಗದ್ದಲ ಬೇಗ ಜಾಸ್ತಿ ಆಗುತ್ತೆ ಅಂತ ಅವರ ವಾದ. ಆ ಕಾಲದಲ್ಲಿ ನಾಲಿಗೆ ಮೇಲೆ ನಿಂಬೆರಸದ ಹನಿ ಬಿಟ್ಟು ಪರೀಕ್ಷೆ ಮಾಡಿದಾಗ ಇಂಥವರಿಗೆ ಸಾಮಾನ್ಯವಾಗಿ ಬೇರೆಯವರಿಗಿಂತ ಜಾಸ್ತಿ ಜೊಲ್ಲು ಬಂತಂತೆ. ಅಂದ್ರೆ ಅದೇ ಹುಳಿ, ಇವರಿಗೆ ಜಾಸ್ತಿ ತಾಗುತ್ತೆ. ಊರ ಜಾತ್ರೇಲಿ ರಾತ್ರಿ ಆರ್ಕೆಸ್ಟ್ರಾ ಹಾಕಿದ್ರೆ ನನ್ನ ಮಗಳು ಎರಡು ಹಾಡು ಖುಷಿಯಾಗಿ ಕೇಳ್ತಾಳೆ, ಮೂರನೇದಕ್ಕೆ ನನ್ನ ಸೆರಗು ಹಿಡಿದು ಮನೆಗೆ ಹೋಗಣ ಅಂತಾಳೆ. ಅದು ಹೆದರಿಕೆ ಅಲ್ಲ, ಹಾಡು ಇಷ್ಟ ಇಲ್ದೇನೂ ಅಲ್ಲ. ಅವಳಿಗೆ ಹೊಟ್ಟೆ ತುಂಬಿದೆ ಅಷ್ಟೆ. ಹೊಟ್ಟೆ ತುಂಬಿದೋರಿಗೆ ಬಲವಂತವಾಗಿ ಬಡಿಸ್ತೀವಾ?

ಈಗ ಹುಳದ ವಿಷಯಕ್ಕೆ ಬರ್ತೀನಿ.

ನಮ್ಮ ಮಾವನೋರಿಗೆ ಎಪ್ಪತ್ತು ದಾಟಿದೆ. ಊರಲ್ಲಿ ಯಾರನ್ನ ಕೇಳಿದ್ರೂ "ಆವಯ್ಯ ಮಾತೇ ಆಡಲ್ಲ ಬಿಡು" ಅಂತಾರೆ. ಪಂಚಾಯ್ತಿ ಕಟ್ಟೆ ಮೇಲೆ ಕೂತಿದ್ದು ನಾನು ನೋಡೇ ಇಲ್ಲ. ಮರಿಹುಳ ಸಾಕಿ ಕೊಡೋ ಚಾಕಿ ಸೆಂಟರ್‌ನಿಂದ ಎರಡನೇ ಜ್ವರ ಎದ್ದ ಹುಳ ತಂದು ಹಾಸಿದ ದಿನದಿಂದ ಗೂಡು ಬಿಡಿಸೋವರೆಗೂ ಆವಯ್ಯ ಹೆಚ್ಚು ಹೊತ್ತು ಇರೋದು ಹುಳು ಮನೇಲೇ. ಲೈಟ್ ಹಾಕಲ್ಲ, ರೇಡಿಯೋ ಇಲ್ಲ, ಒಂದು ಮೂಲೇಲಿ ಕಾಲು ಮಡಿಸಿ ಕೂತು ನೋಡ್ತಾ ಇರ್ತಾರೆ. ಮೊದಮೊದಲು ನಂಗೂ ಏನಪ್ಪಾ ಇದು ಸುಮ್ನೆ ಕೂತಿರ್ತಾರಲ್ಲ ಅನ್ಸಿತ್ತು.

ಒಂದು ಸಲ ಮೂರನೇ ಜ್ವರಕ್ಕೆ ಹುಳ ಕೂತಿತ್ತು. ರೇಷ್ಮೆ ಗೊತ್ತಿಲ್ದೋರಿಗೆ ಹೇಳ್ತೀನಿ, ಜ್ವರ ಅಂದ್ರೆ ಕಾಯಿಲೆ ಅಲ್ಲ, ಹುಳ ಹಳೇ ಚರ್ಮ ಕಳಚೋ ಹೊತ್ತು. ಸೊಪ್ಪು ತಿನ್ನೋದು ನಿಲ್ಸಿ, ತಲೆ ಎತ್ಕೊಂಡು, ಅಲ್ಲಾಡದೆ, ಹೆಚ್ಚು ಕಮ್ಮಿ ಒಂದು ದಿನ ಹಂಗೇ ಇರುತ್ತೆ. ಆವಾಗ ಸೊಪ್ಪು ಹಾಕ್ಬಾರ್ದು, ಮುಟ್ಬಾರ್ದು, ಹಾಸಿಗೆ ಒಣಗಿರ್ಲಿ ಅಂತ ಮೇಲೆ ಸುಣ್ಣ ಉದುರಿಸಿ ಗಾಳಿ ಆಡೋಕೆ ಬಿಡ್ಬೇಕು. ಹೊಸಬರು ಗಾಬರಿ ಬೀಳ್ತಾರೆ, ಏನೋ ಆಗೋಗಿದೆ ಅಂತ ಕೈ ಹಾಕಿ ಕೆದಕ್ತಾರೆ, ಒಂದಷ್ಟು ಹುಳ ಎದ್ದ ತಕ್ಷಣ ಅವಸರ ಮಾಡಿ ಸೊಪ್ಪು ಹಾಕ್ತಾರೆ, ಆಗ ಮೊದಲು ಎದ್ದಿದ್ದು ತಿಂದು ದಪ್ಪ ಆಗುತ್ತೆ, ತಡವಾಗಿ ಏಳೋದು ಸೊಪ್ಪಿನ ಅಡಿ ಸಿಕ್ಕಿ ಸಣ್ಣಗೇ ಉಳಿಯುತ್ತೆ, ಬೆಳೆ ಏರುಪೇರಾಗುತ್ತೆ. ಎಲ್ಲಾ ಏಳೋವರೆಗೂ ಕಾಯೋದೇ ಇದ್ರಲ್ಲಿರೋ ಕಸುಬು.

ಆವತ್ತು ಸಾಯಂಕಾಲ ಮಾವನೋರು ಅಪರೂಪಕ್ಕೆ ನನ್ನ ಕರೆದ್ರು. "ನೋಡಮ್ಮ, ಇಲ್ಲೊಂದು ಸುತ್ತಾಡ್ತಾ ಐತೆ" ಅಂದ್ರು. ನಂಗೇನೂ ಕಾಣ್ಲಿಲ್ಲ, ಸಾವಿರಾರು ಹುಳ, ಎಲ್ಲಾ ಒಂದೇ ತರ. ಆವಯ್ಯ ಬೆರಳು ತೋರಿಸ್ದ ಕಡೆ ಬಗ್ಗಿ ನೋಡಿದ್ರೆ ಹಾಸಿಗೆ ಅಂಚಲ್ಲಿ ಒಂದೇ ಒಂದು ಹುಳ ಅತ್ತಿತ್ತ ತೆವಳ್ತಾ ಇತ್ತು, ಮೈ ಸ್ವಲ್ಪ ಊದಿ ಬೆಳ್ಳಗೆ ಮಿಂಚ್ತಾ ಇತ್ತು. ಹಾಲು ರೋಗ. ಅದು ಒಡೆದು ಹಾಲಿನಂಥ ನೀರು ಸೊಪ್ಪಿಗೆ ತಾಗಿದ್ರೆ ಬೇರೆ ಹುಳಕ್ಕೂ ಅಂಟುತ್ತೆ. ಆವಯ್ಯ ಅದನ್ನ ನಿಧಾನಕ್ಕೆ ಎತ್ತಿ ಸುಣ್ಣದ ನೀರಿಗೆ ಹಾಕಿದ್ರು, ಆಮೇಲೆ ರಾತ್ರಿ ಹನ್ನೊಂದರವರೆಗೂ ಟಾರ್ಚ್ ಹಿಡ್ಕೊಂಡು ಅಂಚೆಲ್ಲ ಹುಡುಕಿ ಇನ್ನೂ ಏಳೆಂಟು ಆಯ್ದರು. ಆ ಬೆಳೆ ಉಳೀತು. ಎಲ್ಲಾ ಸುಮ್ನೆ ಕೂತಿರೋವಾಗ ಒಂದು ಯಾಕೆ ಓಡಾಡ್ತಿದೆ ಅಂತ ಕಾಣ್ಬೇಕು ಅಂದ್ರೆ ನೋಡೋರೂ ಸುಮ್ನೆ ಕೂತಿರ್ಬೇಕು ಸಾರ್. ಅದನ್ನ ನಂಗೆ ಯಾವ ಟ್ರೈನಿಂಗೂ ಕಲಿಸ್ಲಿಲ್ಲ.

ಮುಂಚೆ ಗೂಡು ಮಾರೋಕೆ ಮಾವನೋರು ಒಬ್ಬರೇ ಹೋಗೋಕೆ ಹಿಂಜರೀತಿದ್ರು, ಕೂಗಾಟದ ಹರಾಜು, ಗೂಡು ಕೊಂಡು ನೂಲು ತೆಗೆಯೋ ರೀಲರ್‌ಗಳ ಜೊತೆ ಗಟ್ಟಿ ಗಂಟಲು ಇರೋರಿಗೇ ಅನುಕೂಲ ಅನ್ನೋ ಭಾವನೆ ಇತ್ತು. ಈಗ ಶಿಡ್ಲಘಟ್ಟ ಮಾರ್ಕೆಟ್ಟಲ್ಲಿ ಇ-ಹರಾಜು, ರೇಟು ಪರದೆ ಮೇಲೆ ಬರುತ್ತೆ, ಲಾಟ್ ಮುಂದೆ ಕೈಕಟ್ಟಿ ನಿಂತಿರ್ತಾರೆ, ಒಪ್ಪಿಗೆ ಆದ್ರೆ ಸರಿ ಇಲ್ದಿದ್ರೆ ಇಲ್ಲ. ವ್ಯವಸ್ಥೆ ಸ್ವಲ್ಪ ಬದಲಾಗಿದ್ದಕ್ಕೆ ಮನುಷ್ಯ ಬದಲಾಗೋ ಅಗತ್ಯ ಬೀಳ್ಲಿಲ್ಲ. ಇದನ್ನ ದಯವಿಟ್ಟು ಸ್ಕೂಲು ನಡೆಸೋರು ಗಮನಿಸಬೇಕು.

ಮದುವೆ ಮನೆಗಳನ್ನ ನೋಡಿ. ಮೈಕ್ ಹಿಡಿಯೋಕೆ, ಬಂದೋರನ್ನ ಬನ್ನಿ ಬನ್ನಿ ಅನ್ನೋಕೆ ಒಬ್ಬರು ಇರ್ತಾರೆ, ಅವರಿಲ್ದೇ ಮದುವೆ ಕಳೆಗಟ್ಟಲ್ಲ. ಆದ್ರೆ ಉಗ್ರಾಣದ ಬೀಗದ ಕೈ ಯಾರ ಹತ್ರ ಇರುತ್ತೆ? ಸಕ್ಕರೆ, ತುಪ್ಪ, ಗೋಡಂಬಿ, ಮುಯ್ಯಿ ದುಡ್ಡಿನ ಚೀಲ, ಎಲ್ಲಾ ಮನೆಯೊಳಗೆ ಮಾತು ಕಮ್ಮಿ ಇರೋ ಒಬ್ಬ ಚಿಕ್ಕಪ್ಪನೋ ಅತ್ತೆಮ್ಮನೋ ನೋಡ್ಕೊಳ್ತಾರೆ. ಹಿರಿಯರಿಗೆ ಇದು ಗೊತ್ತಿತ್ತು. ಯಾರು ಏನು ಕೇಳಿದ್ರು, ಎಷ್ಟು ಹೋಯ್ತು, ಎಷ್ಟು ಉಳೀತು ಅಂತ ಗದ್ದಲದ ಮಧ್ಯೆ ನೆನಪಿಟ್ಕೊಳ್ಳೋರು ಅವರೇ. ಹಂಗೇ ಊರಲ್ಲಿ ಗಂಡನ ಕುಡಿತದ ಕಷ್ಟ, ಮಗಳ ಮದುವೆ ಸಾಲ, ಇಂಥದ್ದನ್ನ ಹೆಂಗಸರು ಬಂದು ಹೇಳ್ಕೊಳ್ಳೋದು ಮಾತಾಡೋರ ಹತ್ರ ಅಲ್ಲ. ನೀರಿನ ಟ್ಯಾಂಕ್ ಹತ್ರ ನನ್ನ ಬಗ್ಗೆ ಆಡ್ಕೊಂಡೋರೇ ಆಮೇಲೆ ನಮ್ಮ ಹಿತ್ತಲ ಬಾಗಿಲಿಗೆ ಬಂದಿದ್ದಾರೆ, ಏನು ಹೇಳಿದ್ರು ಅಂತ ಇವತ್ತಿಗೂ ನಮ್ಮ ಮನೆಯವರಿಗೂ ನಾನು ಹೇಳಿಲ್ಲ.

ಹಂಗಂತ ಮಾತಾಡೋರು ಯೋಗ್ಯತೇಲಿ ಕಮ್ಮಿ ಅಂತ ನಾನು ಹೇಳ್ತಿಲ್ಲ. ನನ್ನ ದೊಡ್ಡ ನಾದಿನಿ ಬಾಯಿ ತೆರೆದ್ರೆ ಬಸ್ ನಿಲ್ಲುತ್ತೆ. ಅತ್ತೆಗೆ ಉಸಿರಾಟದ ತೊಂದರೆ ಆದಾಗ ಆಸ್ಪತ್ರೇಲಿ ಬೆಡ್ ಇಲ್ಲ ಅಂದ್ರು, ನಾನು ಮೂಲೇಲಿ ನಿಂತಿದ್ದೆ, ಅವಳು ಹತ್ತು ನಿಮಿಷದಲ್ಲಿ ಮೂರು ಜನ ಡಾಕ್ಟ್ರನ್ನ ಮಾತಾಡಿಸಿ ಬೆಡ್ ಮಾಡಿಸಿದಳು. ಆ ರಾತ್ರಿಯಿಂದ ಆರು ರಾತ್ರಿ ಅತ್ತೆ ಪಕ್ಕ ಕೂತು ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾವಾಗ ಉಸಿರು ಜೋರಾಯ್ತು ಅಂತ ಚೀಟೀಲಿ ಬರೆದು ಬೆಳಿಗ್ಗೆ ಡಾಕ್ಟ್ರಿಗೆ ತೋರಿಸಿದ್ದು ನಾನು. ಅವಳಿಲ್ದಿದ್ರೆ ಬೆಡ್ ಇಲ್ಲ, ನಾನಿಲ್ದಿದ್ರೆ ಚೀಟಿ ಇಲ್ಲ. ಬಾಯಿದ್ದೋನು ಬರಗಾಲದಲ್ಲೂ ಬದುಕಿದ ಅಂತ ಗಾದೆ ಇದೆ, ನಿಜ, ಆದ್ರೆ ಬಾಯಿ ಕಮ್ಮಿ ಇರೋರೂ ಬದುಕೋ ತರ ಊರು ಇರ್ಬೇಕಲ್ವಾ.

ಮೀಟಿಂಗ್‌ಗಳ ಬಗ್ಗೆ ತಮ್ಮ ಹೇಳಿದ್ದು ಇನ್ನೊಂದು. ಎಲ್ಲರೂ ಒಟ್ಟಿಗೆ ಕೂತು ಬಾಯಿಗೆ ಬಂದ ಐಡಿಯಾ ಹೇಳ್ತಾ ಹೋದ್ರೆ ಒಳ್ಳೆ ಐಡಿಯಾ ಬರುತ್ತೆ ಅಂತ ಆಫೀಸುಗಳಲ್ಲಿ ಒಂದು ನಂಬಿಕೆ, ಬ್ರೈನ್‌ಸ್ಟಾರ್ಮಿಂಗ್ ಅಂತಾರೆ. ಅಮೆರಿಕದ ಯೇಲ್ ಯೂನಿವರ್ಸಿಟೀಲಿ ಇದನ್ನ ಪರೀಕ್ಷೆ ಮಾಡಿ 1958ರಲ್ಲೇ ಪ್ರಕಟ ಮಾಡಿದ್ದಾರೆ. ನಾಕು ಜನ ಒಟ್ಟಿಗೆ ಕೂತು ಹೇಳಿದ ಐಡಿಯಾಗಳಿಗಿಂತ, ನಾಕು ಜನ ಬೇರೆ ಬೇರೆ ಕೂತು ಬರೆದದ್ದನ್ನ ಆಮೇಲೆ ಸೇರಿಸಿದಾಗ ಬಂದ ಐಡಿಯಾಗಳೇ ಜಾಸ್ತಿ ಇದ್ವಂತೆ, ಚೆನ್ನಾಗೂ ಇದ್ವಂತೆ. ಅರವತ್ತು ವರ್ಷದ ಮೇಲಾಯ್ತು, ಇನ್ನೂ ಆಫೀಸುಗಳಲ್ಲಿ ಜೋರಾಗಿ ಮೊದಲು ಮಾತಾಡಿದೋರದ್ದೇ ಮೇಲುಗೈ.

ನಮ್ಮ ಸಂಘದಲ್ಲಿ ಇದನ್ನ ನಾನೇ ನೋಡಿದ್ದೀನಿ. ವಾರದ ಮೀಟಿಂಗಲ್ಲಿ ಸಾಲ ಯಾರಿಗೆ ಮೊದಲು ಅಂತ ಬಂದಾಗ ಮೂರು ಜನ ಮಾತಾಡ್ತಿದ್ರು, ಉಳಿದೋರು ಚಾಪೆ ಅಂಚು ಕೀಳ್ತಾ ಕೂತಿರ್ತಿದ್ರು, ಸುಮ್ನಿದ್ದಾರೆ ಅಂದ್ರೆ ಒಪ್ಪಿಗೆ ಅಂತ ಬರ್ಕೊಳ್ತಿದ್ವಿ. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಅಷ್ಟು ಅನ್ಯಾಯದ ಮಾತು ಇನ್ನೊಂದಿಲ್ಲ. ಒಂದು ಸಲ ನಾನು ಸುಮ್ನೆ ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು, ಯಾರಿಗೆ ಮೊದಲು ಬೇಕು ಯಾಕೆ ಬೇಕು ಅಂತ ಬರೆದು ಕೊಡಿ, ಬರೆಯೋಕೆ ಬರ್ದೋರು ಮೀಟಿಂಗ್ ಆದ್ಮೇಲೆ ನನ್ನ ಕಿವೀಲಿ ಹೇಳಿ ಅಂದೆ. ಒಂದು ಮೂಲೇಲಿ ಯಾವಾಗ್ಲೂ ಮಂಡಿ ತಬ್ಕೊಂಡು ಕೂರೋ ಒಬ್ಬ ಅಮ್ಮ ಬಂದು ಕಿವೀಲಿ ಹೇಳಿದ್ದು, ಮೊಮ್ಮಗನ ಆಪರೇಷನ್ನು, ಮೂರು ವಾರದಿಂದ ಕೇಳ್ಬೇಕು ಅಂತ ಬಂದು ಬಂದು ವಾಪಸ್ ಹೋಗಿದ್ದೆ ಅಂತ. ಮೂರು ವಾರ ಆಯಮ್ಮ ಒಪ್ಪಿದ್ದಾರೆ ಅಂತ ನನ್ನ ಕೈಲೇ ಬುಕ್ಕಲ್ಲಿ ಬರೆದಿದ್ದೆ ನಾನು. ಆವತ್ತು ನನ್ನ ಹೊಟ್ಟೇಲಿ ಆಗಿದ್ದ ಸಂಕಟ ಹೇಳೋಕ್ಕಾಗಲ್ಲ. ಆವತ್ತಿಂದ ನಮ್ಮ ಸಂಘದಲ್ಲಿ ಚೀಟಿ ಇದೆ. ಗ್ರಾಮಸಭೇಲೂ ಹಿಂಗೆ ಒಂದು ಡಬ್ಬಿ ಇಟ್ರೆ ಏನು ಖರ್ಚಾಗುತ್ತೆ ಹೇಳಿ, ಪಿಡಿಓಗಳು ಇದನ್ನ ಓದ್ತಾ ಇದ್ರೆ ಒಂದು ಸಲ ಮಾಡಿ ನೋಡಿ.

ಮಳೆ ಬಿದ್ದು ಮೋಡ ಸರಿದ ದಿನ ನಮ್ಮನೆ ಮಾಳಿಗೆ ಮೇಲಿಂದ ದೂರದಲ್ಲಿ ನಂದಿ ಬೆಟ್ಟ ಕಾಣುತ್ತೆ. ಅಲ್ಲಿಗೆ 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸ್ಕೊಳ್ಳೋಕೆ ಬಂದು ಇದ್ರು, ಮತ್ತೆ 1936ರಲ್ಲೂ ಬಂದಿದ್ರು, ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಇದು ಗೊತ್ತಿರುತ್ತೆ. ಗೊತ್ತಿಲ್ದೇ ಇರೋದು ಇನ್ನೊಂದಿದೆ. ಲಂಡನ್ನಿನಲ್ಲಿ ಓದೋವಾಗ ಸಸ್ಯಾಹಾರಿಗಳ ಸಂಘದ ಕಮಿಟೀಲಿದ್ದ ಅವರಿಗೆ ಮೀಟಿಂಗಲ್ಲಿ ಬಾಯೇ ಬರ್ತಿರ್ಲಿಲ್ಲ, ಹೇಳ್ಬೇಕಾದ್ದನ್ನ ಕಾಗದದಲ್ಲಿ ಬರ್ಕೊಂಡು ಹೋಗಿ ಅದನ್ನೂ ಓದೋಕಾಗದೆ ಬೇರೆಯವರು ಓದಿದ್ರು. ಬೊಂಬಾಯಿಗೆ ಬಂದು ಲಾಯರ್ ಆದ್ಮೇಲೆ ಮೊದಲನೇ ಕೇಸಲ್ಲಿ ಕೋರ್ಟಿನಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳೋಕೂ ಆಗದೆ ಕೂತುಬಿಟ್ರು, ಫೀಸು 30 ರೂಪಾಯಿ ವಾಪಸ್ ಮಾಡಿದ್ರು. ಇದನ್ನೆಲ್ಲ ಅವರೇ ತಮ್ಮ ಆತ್ಮಕಥೇಲಿ ಬರ್ಕೊಂಡಿದ್ದಾರೆ, ಮಾತಿನ ಹಿಂಜರಿಕೆಯಿಂದ ತಮಗೆ ಪದಗಳನ್ನ ಅಳೆದು ಬಳಸೋದು ಅಭ್ಯಾಸ ಆಯ್ತು, ಅದರಿಂದ ನಷ್ಟ ಆಗ್ಲಿಲ್ಲ ಅಂತ ಹೇಳಿದ್ದಾರೆ. ಮುಂದೆ ದೇಶಕ್ಕೆ ದೇಶಾನೇ ಅವರ ಮಾತು ಕೇಳ್ತಿದ್ದ ಕಾಲದಲ್ಲೂ ಸೋಮವಾರ ಮೌನ ಇಟ್ಕೊಂಡಿದ್ರು, ಏನಾದ್ರೂ ಹೇಳ್ಬೇಕಾದ್ರೆ ಚೀಟೀಲಿ ಬರೆದು ಕೊಡ್ತಿದ್ರು. ಆ ಹುಡುಗನ ಮಾರ್ಕ್ಸ್ ಕಾರ್ಡಲ್ಲೂ ಯಾರಾದ್ರೂ ಕೆಂಪು ಪೆನ್ನಲ್ಲಿ ಬರೆದಿದ್ರೋ ಏನೋ ಅಂತ ಅನ್ಸುತ್ತೆ ನಂಗೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳ್ಬೇಕು, ಯಾಕಂದ್ರೆ ತಾಯಂದಿರು ಇದನ್ನ ಓದಿ ಎಲ್ಲಾ ಮೌನಾನೂ ಒಳ್ಳೇದೇ ಅಂದ್ಕೋಬಾರ್ದು. ಚೆನ್ನಾಗಿ ಮಾತಾಡ್ತಿದ್ದ ಮಗು ಇದ್ದಕ್ಕಿದ್ದಂಗೆ ಮಾತು ನಿಲ್ಲಿಸಿದ್ರೆ, ಊಟ ಬಿಟ್ರೆ, ಸ್ಕೂಲಿಗೆ ಹೋಗಲ್ಲ ಅಂತ ಅತ್ರೆ ಅದು ಸ್ವಭಾವ ಅಲ್ಲ, ಏನೋ ಆಗಿದೆ, ಕೂತು ಕೇಳ್ಬೇಕು, ಬೇಕಾದ್ರೆ ಡಾಕ್ಟ್ರ ಹತ್ರ ಹೋಗ್ಬೇಕು. ಕೆಲವು ಮಕ್ಕಳಿಗೆ ಕಿವಿ ಸರಿಯಾಗಿ ಕೇಳ್ಸಲ್ಲ, ಅದನ್ನ ಮೌನ ಅಂದ್ಕೊಂಡು ಬಿಟ್ಟಿರ್ತಾರೆ. ಜನರ ಮುಂದೆ ನಿಂತ್ರೆ ಕೈಕಾಲು ನಡುಗಿ ಬೆವರಿ ಒದ್ದಾಡೋದು ಬೇರೆ, ಅದು ಭಯ, ಅದಕ್ಕೆ ಸಹಾಯ ಬೇಕು. ನಮ್ಮ ಕಡೆ ಇನ್ನೊಂದಿದೆ. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಆಡೋದು ತೆಲುಗು, ಸ್ಕೂಲಲ್ಲಿ ಕನ್ನಡ, ಈಗ ಮೇಲೆ ಇಂಗ್ಲಿಷ್ ಮೀಡಿಯಂ ಬೇರೆ. ಮನೇಲಿ ಅಜ್ಜಿ ಜೊತೆ ಪಟಪಟ ಅಂತ ತೆಲುಗಲ್ಲಿ ಕತೆ ಹೇಳೋ ಮಗು ಕ್ಲಾಸಲ್ಲಿ ಸುಮ್ನೆ ಕೂತಿದೆ ಅಂದ್ರೆ ಅದು ಅಂತರ್ಮುಖಿ ಅಲ್ಲ, ಅದರ ಬಾಯಿಗೆ ನಾವು ಬೇರೆ ಭಾಷೆಯ ಬೀಗ ಹಾಕಿದ್ದೀವಿ. ಮಿಸ್ಸುಗಳು ಇವನ್ನೆಲ್ಲ ಬೇರೆ ಬೇರೆ ಮಾಡಿ ನೋಡ್ಬೇಕು. ಎಲ್ಲಕ್ಕೂ "ಮಾತು ಕಡಿಮೆ" ಅಂತ ಒಂದೇ ಸಾಲು ಬರೆದ್ರೆ ಯಾವ ಮಗೂಗೂ ಉಪಯೋಗ ಇಲ್ಲ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಅಮೆರಿಕದಲ್ಲಿ ಮೇರಿ ಬಡ್ ರೋವ್ ಅನ್ನೋ ಶಿಕ್ಷಣ ತಜ್ಞೆ ಕ್ಲಾಸ್‌ರೂಮುಗಳಲ್ಲಿ ನಡೆಯೋದನ್ನ ಟೇಪ್ ಮಾಡಿ ಅಳೆದು 1970ರ ದಶಕದಲ್ಲಿ ಬರೆದ್ರು. ಟೀಚರ್ ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯೋದು ಸರಾಸರಿ ಒಂದೇ ಒಂದು ಸೆಕೆಂಡು ಅಂತ ಅವರಿಗೆ ಕಂಡಿದ್ದು. ಅದನ್ನ ಮೂರು ಸೆಕೆಂಡು ಮಾಡಿ ನೋಡಿ ಅಂತ ಟೀಚರ್‌ಗಳಿಗೆ ಅಭ್ಯಾಸ ಮಾಡಿಸಿದ್ರು. ಮಕ್ಕಳ ಉತ್ತರ ಉದ್ದ ಆಯ್ತು, ಕಾರಣ ಕೊಟ್ಟು ಹೇಳೋದು ಜಾಸ್ತಿ ಆಯ್ತು, ಉತ್ತರಾನೇ ಕೊಡದೆ ಕೂರೋದು ಕಮ್ಮಿ ಆಯ್ತು, ಇವನ ಕೈಲಿ ಆಗಲ್ಲ ಅಂತ ಬಿಟ್ಟಿದ್ದ ಮಕ್ಕಳೂ ಮಾತಾಡಿದ್ರು. ಮಗು ಉತ್ತರ ಹೇಳಿ ಮುಗಿಸಿದ ಮೇಲೂ ಮೂರು ಸೆಕೆಂಡು ಸುಮ್ನಿರಿ, ಅದು ಇನ್ನೂ ಏನೋ ಹೇಳುತ್ತೆ ಅಂತಾನೂ ಅವರು ಹೇಳಿದ್ದಾರೆ. ಒಂದು ಸೆಕೆಂಡಿಗೂ ಮೂರು ಸೆಕೆಂಡಿಗೂ ನಡುವೆ ಇರೋದು ಎರಡೇ ಸೆಕೆಂಡು, ಹತ್ತು ದಿನದ ಕ್ಯಾಂಪ್ ಬೇಡ, ಫೀಸು ಬೇಡ.

ಇದನ್ನ ಹೇಳೋಕೆ ಮತ್ತೆ ಸ್ಕೂಲಿಗೆ ಹೋದೆ. ಹೋಗೋ ಮುಂಚೆ ಹೇಳ್ಬೇಕಾದ್ದನ್ನ ಒಂದು ಹಾಳೇಲಿ ಬರ್ಕೊಂಡು ಹೋಗಿದ್ದೆ. ಮಿಸ್ಸು ಪೂರ್ತಿ ಓದಿದ್ರು. "ನಲವತ್ತೈದು ಮಕ್ಕಳಮ್ಮ, ಪೋರ್ಷನ್ ಮುಗಿಸ್ಬೇಕು, ಯಾರು ಕೂಗ್ತಾರೋ ಅವರ ಕಡೆಗೇ ಕಿವಿ ಹೋಗಿಬಿಡುತ್ತೆ" ಅಂದ್ರು. ಅವರ ಕಷ್ಟಾನೂ ನಿಜ, ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೂ ಪ್ರಶ್ನೆ ಕೇಳಿದ ಮೇಲೆ ಎಲ್ಲರೂ ಮೊದಲು ನೋಟ್ಸಲ್ಲಿ ಒಂದು ಸಾಲು ಬರೀರಿ, ಆಮೇಲೆ ಕೇಳ್ತೀನಿ ಅಂತ ಹೇಳಬಹುದಲ್ವಾ ಮಿಸ್, ಅಂತ ಕೇಳ್ದೆ. ಮೌಖಿಕಕ್ಕೆ, ಪ್ರಾಜೆಕ್ಟಿಗೆ ಮಾರ್ಕ್ಸ್ ಕೊಡೋವಾಗ ಎದ್ದು ನಿಂತು ಹೇಳಿದ್ದಕ್ಕೆ ಎಷ್ಟು ಬೆಲೆ ಇದೆಯೋ ಬರೆದು ತೋರಿಸಿದ್ದಕ್ಕೂ ಅಷ್ಟೇ ಇರ್ಲಿ, ಮಾರ್ಕ್ಸ್ ಕಾರ್ಡಲ್ಲಿ "ಮಾತು ಕಡಿಮೆ" ಅನ್ನೋದ್ರ ಬದಲು ಮಗು ಏನು ಮಾಡುತ್ತೆ ಅಂತ ಬರೀರಿ ಅಂದೆ. ಶಿಕ್ಷಣ ಇಲಾಖೆಯವರಿಗೂ ನನ್ನ ಕೋರಿಕೆ ಇದೇ, ಟೀಚರ್‌ಗಳ ಟ್ರೈನಿಂಗಲ್ಲಿ ಈ ಕಾಯೋದನ್ನ ಒಂದು ಗಂಟೆ ಹೇಳ್ಕೊಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗುಗಳಲ್ಲಿ ಇದನ್ನ ಚರ್ಚೆಗೆ ತನ್ನಿ.

ಮಿಸ್ಸು ಸ್ವಲ್ಪ ಹೊತ್ತು ಸುಮ್ನಿದ್ದು, ಗೂಡಿನ ಒಳಗಿನ ಪೊರೆ ನಾನೂ ನೋಡಿಲ್ಲಮ್ಮ, ಅವಳಿಗೆ ತರೋಕೆ ಹೇಳಿ ಅಂದ್ರು.

ನಿನ್ನೆ ರಾತ್ರಿ ತಾತ ಮೊಮ್ಮಗಳು ಇಬ್ಬರೂ ಹುಳು ಮನೆ ಮುಂದಿನ ಕಲ್ಲಿನ ಮೇಲೆ ಕೂತು ನಾಕು ಗೂಡು ಆರಿಸಿದ್ರು, ಇಬ್ಬರ ಬಾಯಿಂದಾನೂ ಅರ್ಧ ಗಂಟೇಲಿ ಆರೇಳು ಮಾತು ಬಂದಿದ್ರೆ ಹೆಚ್ಚು. ಪೊರೆ ಹರೀದೆ ಇರೋ ತರ ಒಂದನ್ನ ಉದ್ದಕ್ಕೆ ಕುಯ್ದು, ಹತ್ತಿ ಹಾಕಿ ಜಾಮಿಟ್ರಿ ಬಾಕ್ಸಲ್ಲಿ ಇಟ್ಕೊಂಡಿದ್ದಾಳೆ. ಸೋಮವಾರ ಮೂರನೇ ಪೀರಿಯಡ್ಡು ಸೈನ್ಸು.

ಇಂತಿ,
ಒಬ್ಬ ತಾಯಿ
ಶಿಡ್ಲಘಟ್ಟ ತಾಲೂಕು, ಚಿಕ್ಕಬಳ್ಳಾಪುರ ಜಿಲ್ಲೆ